ಕೆಮ್ಮಿಕೊಂಡು ಬಂದ ದೆವ್ವ

ಅವತ್ತು ಸಂಜೆ ವೃಷಭೇಂದ್ರಪ್ಪನವರು ಪಡವಲಕಾಯಿ ತಂದರು. ಅದು ಎಂಥ ಪಡವಲಕಾಯಿ ಅಂದರೆ, ಸೈಕಲ್ ಕ್ಯಾರಿಯರಿಗೆ ಅಡ್ಡ ಕಟ್ಟಿದ್ದರಿಂದ ನಜರ್‌ಬಾದಿನ ಅರ್ಧ ಬೀದಿಯನ್ನು ಆಕ್ರಮಿಸಿಕೊಂಡು ಬಂತು. ಎದುರಿಗೆ ಬಂದ ಆಟೋದವನು ಬೈದ. ಅವರಿಗೆ ಕೇಳಿಸಲಿಲ್ಲ.

ಸಂತೆಪೇಟೆಯ ಅಂಗಡಿಯೊಂದರಲ್ಲಿ ಸ್ಟೀಲ್ ಪಾತ್ರೆಗಳಿಗೆ ಹೆಸರು ಕೆತ್ತುವುದು ಅವರ ಕೆಲಸ. ದಿನವಿಡೀ ಕರ್ರ್ ಅನ್ನುವ ಮಿಷನ್ನಿನ ಮುಂದೆ ಕೂತು ಕಿವಿ ಮಂದವಾಗಿತ್ತು. ಹಾಗಾಗಿ ತಾವು ಮನೆಗೆ ಬಂದದ್ದು ತಮಗೇ ಖಾತ್ರಿಯಾಗಬೇಕಾದರೆ ಸಾಕಷ್ಟು ಶಬ್ದ ಮಾಡಬೇಕು. ಮೊದಲು ಗೇಟನ್ನು ಧಡಾರನೆ ತಳ್ಳುವುದು. ಆಮೇಲೆ ಒಂದು ದೊಡ್ಡ ಕೆಮ್ಮು. ಆಮೇಲೆ ಚಪ್ಪಲಿ ಬಿಡುವುದು, ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಆಮೇಲೆ ನಲ್ಲಿ ಕೆಳಗೆ ಕಾಲು ತೊಳೆಯುವ ಅಭಿಷೇಕ. ಕೊನೆಗೆ ಬಾಗಿಲಲ್ಲಿ ನಿಂತು ಕೂಗುವುದು.

"ದೇವೀ, ಇದ್ದೀಯೇನೇ?"

"ಇಲ್ಲ, ಓಡೋಗ್ಬುಟ್ಟೆ," ಅಂದಳು ದೇವಿರಮ್ಮ ಅಡುಗೆಮನೆಯಿಂದ. ದಿನವೂ ಅನ್ನುವ ಮಾತೇ.

"ಓಡೋಗೋಕ್ಮುಂಚೆ ಕಾಫಿ ಇಟ್ಬುಡು."

"ಇದೇನ್ರೀ ಇದು, ಕಾಯೋ ಹೆಬ್ಬಾವೋ? ಇರೋರು ಇಬ್ರು!"

"ಬುಡ ಇವತ್ತು ಮಾಡು, ತುದಿ ನಾಳೆ. ಮಧ್ಯದ್ದು ಆಮೇಲೆ ನೋಡನ."

ರಾತ್ರಿ ಪಲ್ಯಕ್ಕೆ ಉಪ್ಪು ಕಡಿಮೆ ಅಂದರು. ಹಾಕ್ಕೊಳ್ಳಿ ಅಂದಳು. ಅಷ್ಟೇ ಮಾತು. ಮಾರನೆಯ ದಿನ ಅಂಗಡಿಯಲ್ಲಿ, ಯಾರದೋ ಮದುವೆಗೆ ಕೊಡುವ ಕೊಳಗದ ಮೇಲೆ ಗಂಡಿನ ಹೆಸರು ಕೆತ್ತಿ, ಹೆಣ್ಣಿನ ಹೆಸರು ಶುರು ಮಾಡುವಾಗ ಪಕ್ಕಕ್ಕೆ ವಾಲಿದರು.

ಅವರನ್ನು ವ್ಯಾನಿನಲ್ಲಿ ತಂದರು. ಗೇಟನ್ನು ಬೇರೆ ಯಾರೋ ತೆಗೆದರು, ಮೆಲ್ಲಗೆ, ಶಬ್ದವೇ ಆಗದ ಹಾಗೆ. ದೇವಿರಮ್ಮ ಅದನ್ನು ಬಂದದ್ದು ಅಂತ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಂಗಡಿಗೆ ಹೋದವರು ಇನ್ನೂ ಬಂದಿಲ್ಲ, ಅಷ್ಟೆ. ಅವಳಿಗೆ ಬೇರೇನೂ ಬೇಕಿರಲಿಲ್ಲ. ಒಂದು ಸಲ ಅವರು ಸರಿಯಾಗಿ ಬರಬೇಕು. ಇರುವುದೂ ಬೇಡ. ಕಾಫಿ ಕುಡಿದು ಹೋಗಲಿ.

ಮಠದ ಅಯ್ಯನವರನ್ನು ಕೇಳಿದಳು. "ಅಯ್ಯನೋರೆ, ಇವ್ರು ಒಂದ್ಸಲನಾದ್ರೂ ಬತ್ತಾರಾ?"

"ಬರೋದೆಲ್ಲಿಂದ ತಾಯಿ? ಲಿಂಗ ಕಟ್ಟಿದೋರು ಲಿಂಗದಲ್ಲೇ ಕೂಡ್ಕೊಂಡ್ರು. ಶಿವೈಕ್ಯ."

"ದೆವ್ವ ಆಗಾದ್ರೂ?"

"ಛೆ ಛೆ! ನಮ್ಮಲ್ಲಿ ಅವೆಲ್ಲ ಇಲ್ಲ." (ಇದು ಸಮಾಧಾನದ ಮಾತಂತೆ. ಬಾಳೆಹಣ್ಣು, ದಕ್ಷಿಣೆ ತೆಗೆದುಕೊಂಡು ಹೊರಟರು.)

ಈ ವಿಷಯದಲ್ಲಿ ಪಕ್ಕದ ಮನೆ ಮುದ್ದಮ್ಮ ಪುಣ್ಯವಂತೆ. ಅವಳ ಗಂಡ ಕಾಗೆಯಾಗಿ ಬರುತ್ತಾನೆ. "ಬದುಕಿದ್ದಾಗ ಮನೆ ಕಡೆ ತಲೆ ಆಕ್ದಿದ್ದೋನು, ಈಗ ಎಲೆ ಮೇಲೆ ವಡೆ ಇಟ್ರೆ ಎಲ್ಲರಿಗಿಂತ ಮೊದ್ಲು ಆಜರು ಕಣಮ್ಮಿ," ಅನ್ನುತ್ತಾಳೆ. ದೇವಿರಮ್ಮನಿಗೆ ಹೊಟ್ಟೆ ಉರಿಯುತ್ತದೆ. ಅಷ್ಟು ಒಳ್ಳೆಯ ಮನುಷ್ಯ, ಪಡವಲಕಾಯಿ ತರುವ ಮನುಷ್ಯ, ಅವರಿಗೆ ಕಾಗೆಯಾಗುವ ಅನುಕೂಲವೂ ಇಲ್ಲ!

ಹೀಗಿರುವಾಗ, ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ, ಜಯಲಕ್ಷ್ಮಿಪುರಂನಿಂದ ತಂಗಿಯ ಮಗಳು ರಕ್ಷಿತಾ ಬಂದಳು. ಜೊತೆಗೆ ಅವಳ ಕ್ಲಾಸಿನ ರಾಹುಲ್ ಎಂಬ ಹುಡುಗ. ಅವನ ಪ್ಯಾಂಟು ಹಿಂದುಗಡೆ ಹರಿದಿತ್ತು.

"ದೊಡ್ಡಮ್ಮ, ಕಾಲೇಜಲ್ಲಿ ದೆವ್ವದ ಸಿನಿಮಾ ಮಾಡೋಕೆ ಹೇಳಿದಾರೆ. ಪೂರ್ತಿ ಅಲ್ಲ, ಬರೀ ಶುರು."

"ಮಿಕ್ಕಿದ್ದು?"

"ಮಿಕ್ಕಿದ್ದು ಇಲ್ಲ. ಶುರುವಲ್ಲೇ ಹೆದರಿಸಿ ಬಿಟ್ಟುಬಿಡಬೇಕು."

"ಅರ್ಧ ರೊಟ್ಟಿ ತಟ್ಟಿ ಎದ್ದೋದಂಗೆ."

ಅವರು ಸಂಶೋಧನೆಗೆ ಹೊರಟಿದ್ದರು. ಊರವರಿಗೆ ಯಾವುದರ ಭಯ ಅಂತ ಮನೆಮನೆಗೆ ಹೋಗಿ ಕೇಳುವುದೇ ಸಂಶೋಧನೆ. ಇಲವಾಲದ ಹತ್ತಿರ ಒಂದು ಪಾಳುಮನೆ ನೋಡಿ ಬಂದಿದ್ದರು. ಅಲ್ಲಿ ದೆವ್ವ ಇರಲಿಲ್ಲ, ನಾಯಿ ಇತ್ತು. ಪ್ಯಾಂಟಿನ ಕಥೆ ಅದು.

ಮುದ್ದಮ್ಮನನ್ನೂ ಕರೆದು ಕೇಳಿದರು. "ಬಿಳೀ ಸೀರೆ, ಗೆಜ್ಜೆ ಸದ್ದು, ಉಣ್ಸೆ ಮರ. ಇನ್ನೇನೈತೆ ಎದ್ರಿಕೊಳ್ಳಾಕೆ?" ಅಂದಳು.

"ನಿಮಗೆ ದೊಡ್ಡಮ್ಮ?"

"ಗ್ಯಾಸ್ ಮುಗಿಯೋದು."

ರಾಹುಲ್ ತಲೆ ಕೆರೆದುಕೊಂಡ. "ಆಂಟಿ, ನಾವು ಬೇಕಾದಷ್ಟು ದೆವ್ವದ ಸಿನಿಮಾಗಳ ಶುರು ನೋಡಿದೀವಿ. ದೆವ್ವ ಕಣ್ಣಿಗೆ ಕಂಡ್ರೆ ಭಯ ಹೋಗ್ಬಿಡತ್ತೆ. ಕಾಣಬಾರದು. ಒಬ್ಬಳು ಹೆಂಗಸು ಮನೇಲಿ ಕೂತಿರ್ತಾಳೆ. ಗೇಟು ತಾನಾಗೇ ತೆಗೆಯತ್ತೆ. ಯಾರೋ ನಡ್ಕೊಂಡು ಬರೋ ಸದ್ದು. ನೋಡಿದ್ರೆ ಯಾರೂ ಇರಲ್ಲ."

ದೇವಿರಮ್ಮ ಹುರುಳಿಕಾಯಿ ಮುರಿಯುತ್ತಿದ್ದಳು. ಕೈ ನಿಂತಿತು.

"ನಮ್ಮನೇಲೇ ಮಾಡಿ," ಅಂದಳು.

ಚಿತ್ರೀಕರಣದ ಬಂಡವಾಳ ಇಷ್ಟು: ರಾಹುಲನ ಸೋದರಮಾವ ಮದುವೆಗಳಿಗೆ ಒಯ್ಯುವ ವಿಡಿಯೋ ಕ್ಯಾಮೆರಾ, ಅದರೊಳಗೆ ಯಾರದೋ ನಾಮಕರಣ ತುಂಬಿ ಕೊನೆಯಲ್ಲಿ ಚೂರು ಜಾಗ ಉಳಿದಿದ್ದ ಕ್ಯಾಸೆಟ್ಟು, ಗೇಟು ಎಳೆಯಲು ನೈಲಾನ್ ದಾರ, ಹಗಲನ್ನು ಕತ್ತಲು ಮಾಡಲು ದೇವಿರಮ್ಮನ ಮನೆಯ ಅಷ್ಟೂ ಕಂಬಳಿ. ನಾಯಕಿಯಾಗಬೇಕಿದ್ದ ಭಾನುಪ್ರಿಯಾ ಎಂಬ ಹುಡುಗಿ ಬರಲಿಲ್ಲ. ಅವತ್ತು ಅಮಾವಾಸ್ಯೆ ಅಂತ ಅವಳ ತಾಯಿ ಕ್ಯಾಲೆಂಡರ್ ನೋಡಿಬಿಟ್ಟಿದ್ದಳು.

"ದೊಡ್ಡಮ್ಮ, ನೀವೇ ಕೂತ್ಕೊಳ್ಳಿ. ಬಾಗಿಲು ನೋಡಿ ಹೆದರ್ಕೊಂಡ್ರೆ ಸಾಕು."

ದೇವಿರಮ್ಮ ಕೂತಳು. ರಕ್ಷಿತಾ ಕ್ಯಾಮೆರಾ ಹಿಡಿದಳು. ರಾಹುಲ್ ಹೊರಗೆ ದೆವ್ವವಾದ. ದಾರ ಎಳೆದ. ಗೇಟು ಕಿರ್ರ್ ಎಂದು ಮೆತ್ತಗೆ ತೆರೆಯಿತು.

"ಹಂಗಲ್ಲ!" ದೇವಿರಮ್ಮ ಎದ್ದೇ ಬಂದಳು. "ಧಡಾರಂತ ತಳ್ಳಬೇಕು. ಕೆಮ್ಮೆಲ್ಲಿ?"

"ದೆವ್ವ ಯಾಕೆ ಕೆಮ್ಮತ್ತೆ ಆಂಟಿ?"

"ಕೆಮ್ಮದೆ ಬಂದ್ರೆ ಕಳ್ಳ ಕಣೋ."

ಕೆಮ್ಮಿದ. ಅದು ಕೆಮ್ಮಲ್ಲ, ಬೆಕ್ಕಿನ ಸೀನು ಅಂದಳು. ಎದೆಯಿಂದ ಕೆಮ್ಮು, ಹೊಗೆಸೊಪ್ಪು ಹಾಕೋರು ಕೆಮ್ಮೋ ಹಂಗೆ. ಕಾಲಿನ ಸದ್ದೂ ಸರಿಯಿಲ್ಲ. ಒಳಗೆ ಹೋಗಿ ಒಂದು ಜೊತೆ ಚಪ್ಪಲಿ ತಂದುಕೊಟ್ಟಳು. ಹಿಮ್ಮಡಿ ಒಂದು ಕಡೆ ಸವೆದಿತ್ತು.

"ಇದ ಹಾಕ್ಕೊ. ಬಿಟ್ಟಾಗ ಒಂದು ಆ ಕಡೆ, ಒಂದು ಈ ಕಡೆ ಬೀಳ್ಬೇಕು. ಆಮೇಲೆ ನಲ್ಲಿ ತಿರುಗಿಸಿ ಕಾಲು ತೊಳಿ."

"ದೆವ್ವಕ್ಕೆ ಕಾಲೇ ಇರಲ್ಲ ಆಂಟಿ!"

"ಮತ್ತೆ ನಡಕೊಂಡು ಬತ್ತದೆ ಅಂದೆಯಲ್ಲ, ಯಾರ ಕಾಲಲ್ಲಿ?"

ರಾಹುಲ್ ರಕ್ಷಿತಾಳ ಕಡೆ ನೋಡಿದ. ರಕ್ಷಿತಾ ಚಪ್ಪಲಿಯನ್ನೇ ನೋಡುತ್ತಿದ್ದಳು. ಚಿಕ್ಕವಳಿದ್ದಾಗ ಅದರ ಮೇಲೆ ತನ್ನ ಪುಟ್ಟ ಕಾಲಿಟ್ಟುಕೊಂಡು ಈ ಅಂಗಳದಲ್ಲೆಲ್ಲ ಎಳೆದಾಡಿದವಳು ಅವಳು.

"ದೊಡ್ಡಮ್ಮ ಹೇಳ್ದಂಗೆ ಮಾಡೋ," ಅಂದಳು. ಮೂಗು ಒರೆಸಿಕೊಂಡಳು.

ಎಲ್ಲ ಕಲಿಸಿದಳು ದೇವಿರಮ್ಮ. ಬಾಗಿಲಲ್ಲಿ ನಿಂತು ಕೂಗುವ ಮಾತನ್ನು ಮಾತ್ರ ಕಲಿಸಲಿಲ್ಲ. ಅದನ್ನು ರಾಹುಲನ ಬಾಯಲ್ಲಿ ಕೇಳಲು ಅವಳು ತಯಾರಿರಲಿಲ್ಲ. "ಅಲ್ಲಿ ಮರೇಲಿ ಸುಮ್ನೆ ನಿಂತ್ಕೊ," ಅಂದಳು.

ಕ್ಯಾಮೆರಾ ಓಡಿತು. ಗೇಟು ಧಡಾರ್. ಕೆಮ್ಮು. ಚಪ್ಪಲಿ ಪೂರ್ವಕ್ಕೆ, ಚಪ್ಪಲಿ ಪಶ್ಚಿಮಕ್ಕೆ. ನಲ್ಲಿ. ಆಮೇಲೆ ಮೌನ. ದೇವಿರಮ್ಮ ಹೆದರಬೇಕಿತ್ತು. ಅವಳು ಸೆರಗು ಸರಿಮಾಡಿಕೊಂಡಳು. ಖಾಲಿ ಬಾಗಿಲ ಕಡೆ ನೋಡಿ ನಕ್ಕಳು. "ಬಂದ್ರಾ?" ಅಂದಳು. "ಕೂತ್ಕೊಳ್ಳಿ, ಕಾಫಿ ಇಡ್ತೀನಿ."

"ಅಯ್ಯೋ ಆಂಟಿ, ಹೆದರ್ಕೊಳ್ಳಿ ಅಂದ್ರೆ!" ರಾಹುಲ್ ಒದ್ದೆ ಕಾಲಲ್ಲೇ ಒಳಗೆ ನುಗ್ಗಿದ. ಅಷ್ಟರಲ್ಲಿ ಕ್ಯಾಸೆಟ್ಟು ಮುಗಿದಿತ್ತು. ಇನ್ನೊಂದು ತರಲು ಗತಿ ಇರಲಿಲ್ಲ. ಇದ್ದದ್ದೇ ಕಾಲೇಜಿಗೆ ಹೋಯಿತು.

ಸಿನಿಮಾ ತೋರಿಸುವ ದಿನ ದೇವಿರಮ್ಮ ಒಳ್ಳೆಯ ಸೀರೆ ಉಟ್ಟಳು. ಮುದ್ದಮ್ಮನನ್ನೂ ಕರೆದುಕೊಂಡು ಹೋದಳು. ಅವತ್ತು ಮನೆಯಲ್ಲಿ ಕೆಮ್ಮಿದ್ದು ರಾಹುಲ್ ಅಂತ ಅವಳಿಗೆ ಗೊತ್ತು. ಪರದೆಯ ಮೇಲೆ ರಾಹುಲ್ ಇರುವುದಿಲ್ಲ. ಅಲ್ಲಿ ಬರುವವರು ಬರೀ ಬರುವವರು. ಅದಕ್ಕಾಗಿ ಬಂದಿದ್ದಳು.

ದೀಪ ಆರಿತು. ಗೇಟು ಧಡಾರ್ ಅಂದಿತು. ದೇವಿರಮ್ಮ ಕುರ್ಚಿಯ ಕೈ ಹಿಡಿದುಕೊಂಡಳು. ಕೆಮ್ಮು ಕೇಳಿಸಿತು. ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಕಾಲು ತೊಳೆದಾಗ ಹಿಂದಿನಿಂದ ಯಾರೋ, "ಮನೆಯಳಿಯ ದೆವ್ವ ಕಣ್ರೋ!" ಅಂತ ಕೂಗಿದ. ಸುಮ್ನಿರಪ್ಪಾ, ಈಗ ಬಾಗಿಲಿಗೆ ಬರ್ತಾರೆ, ಸ್ವಲ್ಪ ಸುಮ್ನಿರು ಅಂದುಕೊಂಡಳು ದೇವಿರಮ್ಮ. ಆ ಮೌನದಲ್ಲಿ ಅವರ ಮಾತು ಎಲ್ಲಿ ಕೂರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಕಿವಿ ಚಾಚಿದಳು.

ಮೌನ ಬಂತು. ಅದರ ಜೊತೆಗೇ ಪರದೆಯ ತುಂಬ ಅವಳ ಮುಖ ಬಂತು. ಯಾರೂ ಇಲ್ಲದ ಬಾಗಿಲಿಗೆ ನಗುತ್ತಿರುವ ಮುಖ.

ಇಡೀ ಹಾಲ್ ಕಿಟಾರನೆ ಕಿರುಚಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಪಕ್ಕದವಳ ಮಡಿಲಿಗೆ ಬಿದ್ದಳು. ಮುದ್ದಮ್ಮ ಹೆದರಿ ದೇವಿರಮ್ಮನ ಕೈ ಹಿಡಿದಳು. ಯಾರ ಕೈ ಅಂತ ನೆನಪಾಗಿ ತಟಕ್ಕನೆ ಬಿಟ್ಟಳು. ಆ ಗಲಾಟೆಯಲ್ಲಿ ಮೌನ ಮುಗಿದೇ ಹೋಯಿತು. ಕ್ಯಾಸೆಟ್ಟನ್ನು ಯಾರು ಹೇಗೆ ತಿರುಗಿಸಿದರೋ, ಹಿಂದೆಯೇ ನಾಮಕರಣದ ಊಟದ ಪಂಕ್ತಿ ಬಂತು. ಜನ ಹೋಳಿಗೆಯನ್ನು ನೋಡಿಯೂ ಕಿರುಚಿದರು.

ಮೊದಲನೇ ಬಹುಮಾನ. ಮೇಷ್ಟರು ಹುಡುಕಿಕೊಂಡು ಬಂದು ಕೈ ಮುಗಿದರು. "ಎಷ್ಟೋ ವರ್ಷದಿಂದ ಪಾಠ ಮಾಡ್ತಿದೀನಮ್ಮ. ಇಷ್ಟು ಭಯಂಕರವಾದ ಮುಖ ನೋಡಿರಲಿಲ್ಲ."

"ನಾನೇನೂ ಮಾಡ್ಲಿಲ್ಲ ಸ್ವಾಮಿ," ಅಂದಳು. "ಇನ್ನೊಂದ್ಸಲ ಹಾಕ್ತೀರಾ? ಯಾರೂ ಕಿರುಚದಂಗೆ?"

ಮೇಷ್ಟರು ನಕ್ಕರು. ತಮಾಷೆ ಅಂದುಕೊಂಡರು. ಹೊರಗೆ ಬಂದ ಮೇಲೆ ರಕ್ಷಿತಾ ದೊಡ್ಡಮ್ಮನ ಭುಜಕ್ಕೆ ತಲೆಯಿಟ್ಟು ನಿಂತಳು.

ಸುದ್ದಿ ನಜರ್‌ಬಾದಿಗೆ ಅವರಿಗಿಂತ ಮೊದಲೇ ತಲುಪಿತ್ತು. ಶಾಲೆಗೆ ಹೋಗುವ ಮಕ್ಕಳು ದೇವಿರಮ್ಮನ ಗೇಟು ಬಂದರೆ ಉಸಿರು ಹಿಡಿದು ಓಡುತ್ತವೆ. ಊಟ ಮಾಡದ ಕೂಸಿಗೆ ತಾಯಂದಿರು, "ನಗೋ ಅಜ್ಜಿ ಬತ್ತಾಳೆ, ಕರೀಲಾ?" ಅನ್ನುತ್ತಾರೆ. ಅನ್ನ ಗಬಗಬನೆ ಇಳಿಯುತ್ತದೆ. ಮುದ್ದಮ್ಮ ತನ್ನ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. "ನಿನಗಲ್ಲ ಕಣಮ್ಮಿ, ಸುಮ್ನೆ ಸೊಳ್ಳೆಗೆ," ಅಂದಳು.

ನಮ್ಮಲ್ಲಿ ದೆವ್ವವಾಗುವುದಿಲ್ಲ ಅಂದಿದ್ದರು ಅಯ್ಯನವರು. ಯಾರಿಗಾಗಿ ಕೇಳಿಕೊಂಡಿದ್ದಳೋ ಅವರು ಆಗಲಿಲ್ಲ. ಕೇಳಿಕೊಂಡವಳು ಬದುಕಿರುವಾಗಲೇ ಆದಳು.

ಆದರೂ ಬೆಳಗಾದರೆ ಕೆಲಸ ಬಿಡುವುದಿಲ್ಲ. ಅಂಗಳ ಗುಡಿಸುತ್ತಾಳೆ. ಬಾಗಿಲ ಮುಂದಿನ ಚಪ್ಪಡಿಗೆ ನೀರು ಹೊಯ್ದು ಗಸಗಸ ಉಜ್ಜುತ್ತಾಳೆ. ಆಮೇಲೆ ಅದು ಒಣಗುವ ತನಕ ಒಳಗೆ ಹೋಗುವುದಿಲ್ಲ, ಪಕ್ಕದಲ್ಲಿ ನಿಂತಿರುತ್ತಾಳೆ. ಯಾರನ್ನೂ ತುಳಿಯಲು ಬಿಡುವುದಿಲ್ಲ.

"ಅಮ್ಮಾ, ಹಾಲು," ಅನ್ನುತ್ತಾನೆ ಕೃಷ್ಣಸ್ವಾಮಿ ಗೇಟಿನಾಚೆಯಿಂದ. ಅವನೂ ಈಚೆಗೆ ಗೇಟು ದಾಟುವುದಿಲ್ಲ.

"ಅಲ್ಲೇ ನಿಂತ್ಕೊಳಪ್ಪ. ಕಲ್ಲು ಒಣಗ್ಲಿ."

ಚಪ್ಪಡಿ ಅಂಚಿನಿಂದ ಬೆಳ್ಳಗಾಗುತ್ತಾ ಬರುತ್ತದೆ. ಕೊನೆಗೆ ನಡುವಿನಲ್ಲಿ ಅಂಗೈಯಷ್ಟು ತೇವ ಉಳಿಯುತ್ತದೆ. ದೇವಿರಮ್ಮ ಬಗ್ಗಿ ನೋಡುತ್ತಾಳೆ. ಅದೂ ಆರುತ್ತದೆ. ಕಾಲು ತೊಳೆದು ಬಂದವರ ಒಂದು ಹೆಜ್ಜೆಯ ಗುರುತೂ ಇಲ್ಲ.

ಪಾತ್ರೆ ತೆಗೆದುಕೊಂಡು ಹಾಲಿಗೆ ಹೋಗುತ್ತಾಳೆ.