ಡಾಕ್ಟ್ರ ಬೋಣಿ

ಎರಡು ವರ್ಷ ಸರ್ಜರಿ ಓದಿದ ಮೇಲೂ ಡಾಕ್ಟರ್ ಕಿರಣಕುಮಾರ ಆಪರೇಷನ್ ಥಿಯೇಟರಿನಲ್ಲಿ ಮಾಡಿದ್ದು ಒಂದೇ ಕೆಲಸ: ಬೇರೆಯವರು ಕೊಯ್ದ ಹೊಟ್ಟೆಯನ್ನು ಕೊಕ್ಕೆ ಹಾಕಿ ಅಗಲಿಸಿ ಹಿಡಿಯುವುದು. ಬಾಗಿಲು ಕಾಯುವ ವಾಚ್‌ಮನ್‌ಗಾದರೂ ಕೂರಲು ಸ್ಟೂಲಿರುತ್ತದೆ, ಇವನಿಗೆ ಅದೂ ಇಲ್ಲ. ಕೈ ಪಳಗಲಿ ಎಂದು ಲಿಂಗರಾಜಪುರದ ಬಾಡಿಗೆ ಕೋಣೆಯಲ್ಲಿ ಕೂತು ಬಾಳೆಹಣ್ಣಿನ ಸಿಪ್ಪೆಗಳಿಗೆ ಹೊಲಿಗೆ ಹಾಕಿ ಹಾಕಿ, ಮನೆ ಓನರ್ ಆಂಜನಮ್ಮನವರ ಹಸು ಸಿಪ್ಪೆ ಮೂಸುವುದನ್ನೇ ಬಿಟ್ಟಿತ್ತು.

ಅಂಥವನಿಗೆ ಚೀಫ್ ಭಗವಂತರಾಯರು ಕೊನೆಗೂ, "ನಾಳೆ ಹರ್ನಿಯಾ ಕೇಸ್ ನೀನೇ ಮಾಡಪ್ಪ, ನಾನು ಪಕ್ಕದಲ್ಲಿರ್ತೀನಿ," ಅಂದುಬಿಟ್ಟರು. ಸಂತೋಷ ತಡೆಯಲಾರದೆ ಕಿರಣ ಅದನ್ನು ಆಂಜನಮ್ಮನಿಗೆ ಹೇಳಿದ. ಅಲ್ಲೇ ಕೆಟ್ಟಿತು ನೋಡಿ.

ಮನೆಗೆ ಮಿಕ್ಸಿ ಬಂದರೂ ಕುಂಕುಮ ಇಟ್ಟು ಬೀದಿಗೆಲ್ಲ ಸಿಹಿ ಹಂಚುವ ಹೆಂಗಸು, ಮನೆ ಡಾಕ್ಟರ ಮೊದಲ ಆಪರೇಷನ್ನಿಗೆ ಸುಮ್ಮನಿರುತ್ತಾರೆಯೇ? ಬೆಳಿಗ್ಗೆಯೇ ಪೇಡದ ಡಬ್ಬಿ ಹಿಡಿದು ಆಸ್ಪತ್ರೆಗೆ ಬಂದರು. ವಾರ್ಡಿನ ಒಬ್ಬೊಬ್ಬರಿಗೂ ಕೊಡುತ್ತ, ಮೂಲೆಯಲ್ಲಿ ಹಸಿದು ಮಲಗಿದ್ದ ಹಲಸೂರಿನ ಆಟೋ ಡ್ರೈವರ್ ಚಲುವಯ್ಯನ ಮುಂದೆಯೂ ಡಬ್ಬಿ ಹಿಡಿದರು. ಆಪರೇಷನ್ ಇದೆ, ತಿನ್ನುವ ಹಾಗಿಲ್ಲ ಎಂದ ಅವನು ಏನು ವಿಶೇಷ ಎಂದು ಕೇಳಿದ.

"ನಮ್ಮ ಕಿರಣ್ ಡಾಕ್ಟ್ರದು ಇವತ್ತು ಬೋಣಿ ಕಣಪ್ಪಾ. ಇದುವರ್ಗೂ ಬಾಳೆಹಣ್ಣಿನ ಸಿಪ್ಪೆ ಬಿಟ್ರೆ ಏನೂ ಹೊಲ್ದಿಲ್ಲ. ಇವತ್ತು ಯಾರ್ದೋ ಹರ್ನಿಯಾ ಮಾಡ್ತಾರಂತೆ."

ಇಡೀ ವಾರ್ಡಿನಲ್ಲಿ ಹರ್ನಿಯಾ ಇದ್ದದ್ದು ಚಲುವಯ್ಯನೊಬ್ಬನಿಗೇ. ಆಂಜನಮ್ಮ ಪಕ್ಕದವನಿಗೆ ಪೇಡ ಕೊಟ್ಟು ತಿರುಗುವಷ್ಟರಲ್ಲಿ ಹಾಸಿಗೆ ಖಾಲಿ.

ಸುದ್ದಿ ತಿಳಿದ ಕಿರಣ ಬಿಳಿ ಕೋಟಿನಲ್ಲೇ ಬೀದಿಗೆ ಬಿದ್ದ. ಆಸ್ಪತ್ರೆಯ ಹಸಿರು ಅಂಗಿಯಲ್ಲಿ ಓಡಿದವನನ್ನು ಹುಡುಕುವುದು ಕಷ್ಟವಾಗಲಿಲ್ಲ. ಎಸ್‌ಟಿಡಿ ಬೂತಿನವನಿಂದ ಹಿಡಿದು ಹೂವಿನವಳ ತನಕ ಎಲ್ಲರೂ ಕೇಳುವ ಮೊದಲೇ ನಗುತ್ತ ದಾರಿ ತೋರಿಸಿದರು. ಶಿವಾಜಿನಗರ ಬಸ್ ಸ್ಟ್ಯಾಂಡಿನ ಬಳಿ, ಅಹ್ಮದ್ ಪಾಷಾನ ಎಳನೀರು ಗಾಡಿಯ ಮುಂದೆ ಚಲುವಯ್ಯ ಒಣಗಿದ ತುಟಿ ಸವರುತ್ತ ನಿಂತಿದ್ದ. ಒಂದು ಗುಟುಕು ಒಳಗೆ ಹೋದರೂ ಇವತ್ತಿನ ಆಪರೇಷನ್ ಹೋದಂತೆಯೇ.

ಕಿರಣ ಕೈ ಮುಗಿದ. ಚೀಫ್ ಪಕ್ಕದಲ್ಲೇ ಇರುತ್ತಾರೆ, ತಾನೂ ಲೆಕ್ಕವಿಲ್ಲದಷ್ಟು ಹರ್ನಿಯಾ ನೋಡಿದ್ದೇನೆ ಎಂದೆಲ್ಲ ಬೇಡಿಕೊಂಡ. ಚಲುವಯ್ಯ ಜಗ್ಗಲಿಲ್ಲ.

"ಎಲ್ಲಾರ್ಗೂ ಮೊದಲ್ನೇದು ಅಂತ ಒಂದಿರುತ್ತಲ್ವಾ? ನೀವು ಮೊದಲ್ನೇ ಬಾಡಿಗೆ ಹೊಡೆದಾಗ ಆಟೋ ಯಾರೂ ಹತ್ಲೇ ಇಲ್ವಾ?"

ಚಲುವಯ್ಯನಿಗೆ ನಗು ಬಂತು. ಮೊದಲ ಬಾಡಿಗೆಯಲ್ಲೇ ಹಲಸೂರು ಕೆರೆಯ ಬೇಲಿಗೆ ಗುದ್ದಿದ್ದನಂತೆ. ಕೂತಿದ್ದಾಕೆ ಇಳಿದು, ಹೊಟ್ಟೆ ತುಂಬ ಬೈದು, ಮತ್ತೆ ಅದೇ ಆಟೋ ಹತ್ತಿದಳಂತೆ. "ನಡೀರಿ, ಬರ್ತೀನಿ," ಅಂದ.

ರಾಜಿಯಾದದ್ದು ನೋಡಿ ಪಾಷಾನಿಗೂ ಖುಷಿಯಾಯಿತು. "ಇದು ನಮ್ ಕಡೆಯಿಂದ ಭಾಯ್," ಎಂದು ಎಳನೀರೊಂದನ್ನು ಎತ್ತಿ ಮಚ್ಚು ಬೀಸಿದ. ಚಲುವಯ್ಯ ಅಭ್ಯಾಸಬಲದಿಂದ ಕೈ ಚಾಚಿದ. ಕುಡಿಯಬೇಡಿ ಎನ್ನುತ್ತ ಕಿರಣ ಅಡ್ಡ ಕೈ ಹಾಕಿದ. ಎಳನೀರು ಉರುಳಿತು, ಆಪರೇಷನ್ ಉಳಿಯಿತು, ಕಿರಣನ ಬಲಗೈ ಹೆಬ್ಬೆರಳು ಸೀಳಿತು.

ಭಗವಂತರಾಯರು ಬೆರಳು ನೋಡಿ, ಈ ಕೈಯಲ್ಲಿ ಕೊಕ್ಕೆ ಹಿಡಿಯುವುದೂ ಆಗದು ಎಂದರು. ಹರ್ನಿಯಾ ತಾವೇ ಮಾಡುವುದಾಗಿ ಹೇಳಿ, ಅವನನ್ನು ಹೊಲಿಗೆ ಕೋಣೆಗೆ ಅಟ್ಟಿದರು. ಪಾಪ, ಕಿರಣನಿಗೆ ಅಳುವೇ ಬಂತು.

ಅಲ್ಲಿ ಹೊಸ ಹೌಸ್ ಸರ್ಜನ್ ಅಲಿಯಾ ಗ್ಲೌಸ್ ತೊಟ್ಟು ಸೂಜಿ ಹಿಡಿದು ನಿಂತಿದ್ದಳು. ಮುಖದಲ್ಲಿ ತಡೆಯಲಾರದ ಸಂತೋಷ. ಅದು ಎಂಥ ಸಂತೋಷವೆಂದು ಕಿರಣನಿಗೆ ಥಟ್ಟನೆ ಗುರುತು ಹತ್ತಿತು.

"ಇದುವರೆಗೂ ಎಷ್ಟು ಹೊಲಿಗೆ ಹಾಕಿದೀಯಮ್ಮಾ?"

"ಬಾಳೆಹಣ್ಣಿನ ಸಿಪ್ಪೆಗೆ ತುಂಬಾ ಹಾಕಿದೀನಿ, ಸರ್."

ಕಿರಣ ಎದ್ದು ಬಾಗಿಲಿಗೆ ನುಗ್ಗಿದ. ಥಿಯೇಟರಿಗೆ ಹೊರಟಿದ್ದ ಚಲುವಯ್ಯನ ಟ್ರಾಲಿ ಬಾಗಿಲಿಗೆ ಅಡ್ಡ ನಿಂತಿತ್ತು.

"ಹೋಗಿ ಕೂತ್ಕೊಳ್ಳಿ ಡಾಕ್ಟ್ರೇ," ಅಂದ ಚಲುವಯ್ಯ ಮಲಗಿದ್ದಲ್ಲಿಂದಲೇ. "ಎಲ್ಲಾರ್ಗೂ ಮೊದಲ್ನೇದು ಅಂತ ಒಂದಿರುತ್ತೆ."

ಟ್ರಾಲಿಯ ಹಿಂದೆಯೇ ಬಂದ ಆಂಜನಮ್ಮ, ಡಬ್ಬಿಯಲ್ಲಿ ಉಳಿದಿದ್ದ ಕೊನೆಯ ಪೇಡವನ್ನು ಅಲಿಯಾಳ ಬಾಯಿಗಿಟ್ಟರು.