ಫ್ಯಾನ್ ಕಂಪನಿಯ ಪಗಾರ

ನಗುವಂಥ ಪ್ರಸಂಗಗಳನ್ನು ನಾವು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಮ್ಮ ಆಫೀಸಿನಲ್ಲಿ ಅವು ತಾವಾಗಿಯೇ ಬೆಳಿಗ್ಗೆ ಒಂಬತ್ತಕ್ಕೆ ಬಂದು ಹಾಜರಿ ಹಾಕುತ್ತವೆ.

ಸವದತ್ತಿ ಸುತ್ತಿನ ಗುಡ್ಡಗಳ ಮೇಲೆ ಕರೆಂಟ್ ತಯಾರಿಸುವ ಗಾಳಿಯಂತ್ರಗಳಿವೆಯಲ್ಲ, ಅವನ್ನು ನೋಡಿಕೊಳ್ಳುವ ಒಂದು ಖಾಸಗಿ ಕಂಪನಿಯಲ್ಲಿ ನಾನು ಮೆಕ್ಯಾನಿಕ್. ಊರವರ ಬಾಯಲ್ಲಿ ಅದು ‘ಫ್ಯಾನ್ ಕಂಪನಿ’. ಒಂಬತ್ತು ವರ್ಷದಿಂದ ಬೈಲಹೊಂಗಲದಲ್ಲಿ ಬಸ್ಸು ಹಿಡಿದು ಹೋಗಿ, ಎಂಬತ್ತು ಮೀಟರ್ ಎತ್ತರದ ಕಂಬ ಏರಿ ಇಳಿದು, ಸಂಜೆ ಮೊಣಕಾಲು ಹಿಡಿದುಕೊಂಡು ಮನೆಗೆ ಬರುವವನು. ನಾನು ಏರಿದ್ದರಲ್ಲಿ ಕಾಲು ಭಾಗ ನನ್ನ ಪಗಾರ ಏರಿದ್ದರೂ ಇಷ್ಟೊತ್ತಿಗೆ ಒಂದು ಫ್ಯಾನ್ ನನ್ನ ಸ್ವಂತದ್ದಿರುತ್ತಿತ್ತು. ಮೊದಲು ಆರು ಜನ ಮಾಡುತ್ತಿದ್ದ ಕೆಲಸಕ್ಕೆ ಈಗ ಮೂವರು. ಉಳಿದ ಮೂವರು ಬಿಟ್ಟುಹೋದಾಗ ಹೆಡ್ ಆಫೀಸಿನವರು ‘ಸ್ವಲ್ಪ ದಿನ ಸಂಭಾಳಿಸಿ’ ಎಂದಿದ್ದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಈ ಸಲ ನನ್ನ ಹೆಂಡತಿ ಗಡುವು ಕೊಟ್ಟುಬಿಟ್ಟಳು. “ಹೋಳಿ ಹುಣ್ಣಿಮಿ ಒಳಗ ಪಗಾರ ಹೆಚ್ಚಿಗಿ ಮಾಡಿಸ್ಕೊಂಡ ಬರ್ರಿ. ಆಗಲಿಲ್ಲಂದ್ರ ನೌಕರಿ ಬಿಟ್ಟ ಬರ್ರಿ. ಎರಡೂ ಇಲ್ದ ಮನಿಗೆ ಬರಬ್ಯಾಡ್ರಿ.”

ಅಜ್ಜಿಯ ಆಫರ್

ಹೂಲಿ ಕಡೆಯ ಒಂದು ಕಂಬ ಇಳಿದು, ಬುಡದಲ್ಲಿ ಕುಂತು ನೀರು ಕುಡಿಯುತ್ತಿದ್ದೆ. ಪಕ್ಕದ ಹೊಲದ ಅಜ್ಜಿ ಬಂದಳು.

“ತಮ್ಮಾ, ಇಷ್ಟ ದೊಡ್ಡ ಫ್ಯಾನ್ ಹಚ್ಚೀರಿ, ಸ್ವಲ್ಪ ನಮ್ಮ ಮನಿ ಕಡೆ ತಿರುಗಸಪಾ. ಭಾಳ ಸೆಕಿ ಆಗಾಕ ಹತ್ತೈತಿ.”

“ಯವ್ವಾ, ಅದು ಗಾಳಿ ಕೊಡೂ ಫ್ಯಾನ್ ಅಲ್ಲ, ಗಾಳಿ ತಗೊಳ್ಳೂ ಫ್ಯಾನ್” ಎಂದೆ.

ಅಜ್ಜಿ ಕಂಬವನ್ನು ಬುಡದಿಂದ ತುದಿಯವರೆಗೆ ನೋಡಿ, ಆಮೇಲೆ ನನ್ನನ್ನು ನೋಡಿದಳು. “ಅಲ್ಲೀತನಕ ನೀನಽ ಏರತೀ? ಪಗಾರ ಎಷ್ಟ ಕೊಡ್ತಾರ?”

ಸುಳ್ಳು ಹೇಳಲು ಮನಸ್ಸಾಗದೆ ಖರೇನೇ ಹೇಳಿದೆ. ಅಜ್ಜಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಹತ್ತಿರ ಬಂದು, ಯಾರಿಗೂ ಕೇಳಬಾರದು ಅನ್ನುವಂತೆ ಸಣ್ಣ ದನಿಯಲ್ಲಿ ಹೇಳಿದಳು: “ನಾಳಿಂದ ನಮ್ಮ ಹೊಲಕ್ಕ ಹತ್ತಿ ಬಿಡಸಾಕ ಬಾ. ಅಷ್ಟಽ ಕೊಡತೇನಿ, ನೆಲದ ಮ್ಯಾಲಽ ನಿಂದರೂ ಕೆಲಸ. ಎರಡ ಹೊತ್ತ ಚಾ ಬ್ಯಾರೆ!”

ಕಣ್ಣು ಮುಚ್ಚಿ, ಉಸಿರು ಬಿಡಿ

ನಾವೆಲ್ಲ ದಣಿದಿದ್ದೇವೆ ಎಂಬ ಸುದ್ದಿ ಹೇಗೋ ಹೆಡ್ ಆಫೀಸಿಗೆ ಮುಟ್ಟಿತು. ಇಬ್ಬರನ್ನು ಹೊಸದಾಗಿ ಕಳಿಸುತ್ತಾರೆ ಅಂದುಕೊಂಡೆವು. ಅವರು ಕಳಿಸಿದ್ದು ಮೊಬೈಲಿಗೆ ಒಂದು ಲಿಂಕು. ‘ಮನಸ್ಸಿನ ಒತ್ತಡ ಕಡಿಮೆ ಮಾಡಿಕೊಳ್ಳುವುದು ಹೇಗೆ’ ಎಂಬ ಆನ್‌ಲೈನ್ ಉಪನ್ಯಾಸ. ಅದೂ ಭಾನುವಾರ. ಹಾಜರಾಗದವರಿಗೆ ಅರ್ಧ ದಿನದ ರಜೆ ಕಟ್.

ನಾವು ಮೂವರೂ ಭಾನುವಾರ ಬೆಳಿಗ್ಗೆ ನಮ್ಮ ನಮ್ಮ ಮನೆಗಳಲ್ಲಿ ಮೊಬೈಲ್ ಮುಂದೆ ಕುಂತೆವು. ಉಪನ್ಯಾಸಕಿಯ ದನಿ ಭಾಳ ಇಂಪಾಗಿತ್ತು.

“ಎಲ್ಲರೂ ಕಣ್ಣು ಮುಚ್ಚಿ. ದೀರ್ಘವಾಗಿ ಉಸಿರು ಬಿಡಿ. ಈಗ ನೀವು ಒಂದು ಎತ್ತರದ ಗುಡ್ಡದ ಮೇಲಿದ್ದೀರಿ. ಸುತ್ತ ಯಾರೂ ಇಲ್ಲ. ಜೋರಾಗಿ ಗಾಳಿ ಬೀಸುತ್ತಿದೆ…”

ನನ್ನ ಮೊಣಕಾಲು ಆಗಲೇ ನೋಯಲು ಶುರುವಾಗಿತ್ತು. ಅಷ್ಟರಲ್ಲಿ ರಾಮದುರ್ಗದ ನಮ್ಮ ಹಿರಿಯ ಮೆಕ್ಯಾನಿಕ್ ತಡೆಯಲಾರದೆ ಮೈಕು ಆನ್ ಮಾಡಿದ.

“ಮೇಡಂ, ನೀವು ಹೇಳಾಕ ಹತ್ತಿದ್ದು ನಮ್ಮ ಡ್ಯೂಟಿರಿ! ಇವತ್ತ ಐತವಾರ ಐತಿ, ದಯಮಾಡಿ ಮನಿ ತೋರಸ್ರಿ!”

ಒಂದೇ ಕುಟುಂಬ

ನಮ್ಮ ಮ್ಯಾನೇಜರ್ ಉತ್ತರ ಭಾರತದ ಕಡೆಯವರು, ಬಂದು ವರ್ಷವಾಗಿಲ್ಲ. ಮನುಷ್ಯ ಕೆಟ್ಟವರಲ್ಲ. ಮೊಬೈಲಿನಲ್ಲಿ ಕನ್ನಡ ಕಲಿತು ಪುಸ್ತಕದ ಭಾಷೆಯಲ್ಲಿ ಮಾತಾಡುತ್ತಾರೆ. ಪಗಾರದ ಮಾತು ಎತ್ತಿದಾಗಲೆಲ್ಲ ಅವರದು ಒಂದೇ ಉತ್ತರ: “ಇದು ಕಂಪನಿಯಲ್ಲ. ನಾವೆಲ್ಲರೂ ಒಂದೇ ಕುಟುಂಬದವರು.”

ನಮ್ಮ ಸ್ಟೋರ್‌ಕೀಪರ್ ಸಂಪಗಾಂವದವರು. ಅಣ್ಣತಮ್ಮಂದಿರ ನಡುವೆ ಹೊಲ ಪಾಲು ಮಾಡುವ ವಾಟ್ನಿ ಸಲುವಾಗಿ ಹನ್ನೊಂದು ವರ್ಷ ಬೈಲಹೊಂಗಲದ ಕೋರ್ಟಿಗೆ ಅಡ್ಡಾಡಿ ಪಳಗಿದವರು. ಒಂದು ಮೀಟಿಂಗಿನಲ್ಲಿ ಎದ್ದು ಕೈಮುಗಿದರು.

“ಸಾಹೇಬ್ರ, ಒಂದಽ ಕುಟುಂಬ ಅಂತ ಎಲ್ಲಾರ ಮುಂದ ನೀವಽ ಒಪ್ಪೀರಿ. ಹಂಗಾರ ನಮ್ಮ ಪಾಲು ಹಚ್ಚಿ ಕೊಟ್ಟಬಿಡ್ರಿ, ನಾವು ಬ್ಯಾರೆ ಆಗತೇವಿ.”

ಬರತೇನ್ರಿ

ಹೋಳಿ ಹುಣ್ಣಿಮೆ ಹತ್ತಿರ ಬಂತು. ಮೇಲ್ ಮೇಲೆ ಮೇಲ್ ಕಳಿಸಿದೆ. ಮ್ಯಾನೇಜರರು ಓದದೇ ಇಟ್ಟ ಮೇಲ್‌ಗಳ ರಾಶಿಯಲ್ಲಿ ನನ್ನವೂ ಸೇರಿಕೊಂಡವು. ಕೊನೆಗೆ ಗಟ್ಟಿ ಮನಸ್ಸು ಮಾಡಿ ಅವರ ಕೋಣೆಗೇ ಹೋದೆ.

“ಸಾಹೇಬ್ರ, ಪಗಾರ ಹೆಚ್ಚಾಗೂದಿಲ್ಲಂದ್ರ ನಾ ನೌಕರಿ ಬಿಡತೇನ್ರಿ” ಎಂದೆ. ಅವರು ಕಿವಿಗೆ ಫೋನ್ ಹಚ್ಚಿಕೊಂಡು ತಲೆ ಆಡಿಸುತ್ತಿದ್ದರು. ಆಡಿಸಿದ್ದು ನನಗೋ ಫೋನಿಗೋ ಗೊತ್ತಾಗಲಿಲ್ಲ. ಬಾಗಿಲ ತನಕ ಬಂದು, ರೂಢಿಯಂತೆ “ಬರತೇನ್ರಿ” ಅಂದುಬಿಟ್ಟೆ.

ನಮ್ಮ ಕಡೆ ಎಲ್ಲಿಂದ ಏಳುವಾಗಲೂ ‘ಹೋಗತೇನಿ’ ಅನ್ನುವುದಿಲ್ಲ, ಅದು ಅಪಶಕುನ. ಮತ್ತೆ ಈ ಜನ್ಮದಲ್ಲಿ ಕಾಲಿಡುವುದಿಲ್ಲ ಎಂದು ಜಗಳಾಡಿ ಎದ್ದವನೂ ‘ಬರತೇನಿ’ ಅಂತಲೇ ಅನ್ನುತ್ತಾನೆ. ಇದನ್ನು ಮ್ಯಾನೇಜರರಿಗೆ ಮೊಬೈಲ್ ಕಲಿಸಿರಲಿಲ್ಲ. ಅವರು ಫೋನ್ ಕೆಳಗಿಟ್ಟು ಅರಳಿದರು: “ಬರುತ್ತೀರಾ? ಬಹಳ ಸಂತೋಷ!”

ಮರುದಿನ ಮನೆಯಲ್ಲಿ ಕುಂತೆ. ಮಧ್ಯಾಹ್ನ ಫೋನ್ ಬಂತು. “ನೀವು ಬರುತ್ತೇನೆ ಎಂದಿರಿ. ಏಕೆ ಬರಲಿಲ್ಲ?” ತಿಳಿಸಿ ಹೇಳೋಣವೆಂದು ಮತ್ತೆ ಹೋದೆ. ಎಲ್ಲ ಬಿಡಿಸಿ ಹೇಳಿದೆ. ಏಳುವಾಗ ಹಾಳು ಬಾಯಿ ಮತ್ತದೇ ಅಂದಿತು. ಅವರು ಎದ್ದು ನಿಂತು ಕೈ ಕುಲುಕಿದರು.

ಹೆಂಡತಿ ಸೆರಗು ಬಿಗಿದಳು. “ನಿಮ್ಮ ಬಾಯಿಂದ ಆಗೂ ಕೆಲಸ ಅಲ್ಲ ಇದು. ನಡೀರಿ, ನಾನಽ ಹೇಳತೇನಿ.”

ಹೇಳಿದಳು ನೋಡ್ರಿ! ನನ್ನ ಮೊಣಕಾಲಿನಿಂದ ಹಿಡಿದು ತಪ್ಪಿದ ಐತವಾರಗಳ ತನಕ ಒಂದನ್ನೂ ಬಿಡಲಿಲ್ಲ. ಕೇಳಿ ನನಗೇ ನನ್ನ ಮೇಲೆ ಕನಿಕರ ಬಂತು. ಮ್ಯಾನೇಜರರಿಗೆ ಕಾಲು ಭಾಗ ತಿಳಿದಿದ್ದರೆ ಹೆಚ್ಚು. ಚಹಾ ತರಿಸಿ, ಮರ್ಯಾದೆಗೆ “ತಾವು ಏನು ಓದಿದ್ದೀರಿ?” ಎಂದರು. “ಬಿ.ಕಾಂ. ಆಗೇತ್ರಿ” ಎಂದು ಎದ್ದು ಕೈಮುಗಿದಳು. “ಬರತೇವ್ರಿ.”

ಮ್ಯಾನೇಜರರ ಕಣ್ಣು ಅಗಲವಾದವು. “ಇಬ್ಬರೂ?”

“ಹೌದ್ರಿ, ಇಬ್ರೂನು” ಎಂದಳು.

ವಾರದಲ್ಲಿ ಹೆಡ್ ಆಫೀಸಿನಿಂದ ಲಕೋಟೆ ಬಂತು. ನನ್ನ ಪಗಾರ ಏರಿತು ಎಂದುಕೊಂಡು ಒಡೆದೆ. ಅದು ನನ್ನ ಹೆಂಡತಿಯ ನೇಮಕಾತಿ ಪತ್ರ! ಕಚೇರಿ ಸಹಾಯಕಿ ಅಂತ. ಶುರುವಿನ ಪಗಾರ ನನ್ನ ಒಂಬತ್ತು ವರ್ಷದ ಪಗಾರಕ್ಕಿಂತ ಹೆಚ್ಚು. ನಿಜ ಹೇಳಬೇಕೆಂದರೆ ಅವತ್ತು ಅಳು ಬಂತು. ಸ್ಟೋರ್‌ಕೀಪರಿಗೆ ಫೋನ್ ಮಾಡಿ ಕೇಳಿದೆ. “ಹಳಬರಿಗೆ ಹೆಚ್ಚಿಗಿ ಮಾಡಾಕ ರೂಲ್ ಇಲ್ಲೋ ಮಾರಾಯಾ. ಹೊಸಬರಿಗೆ ಹೊಸಾ ರೇಟ್” ಎಂದರು.

ಹೆಂಡತಿ ಪತ್ರವನ್ನು ಎರಡು ಸಲ ಓದಿ ಮಡಚಿಟ್ಟಳು. “ಆ ಗುಡ್ಡಕ್ಕ ನಾ ಯಾಕ ಹೋಗ್ಲಿ? ನೀವು ಕಾಗದದ ಮ್ಯಾಲ ರಾಜೀನಾಮೆ ಬರದ ಕೊಡ್ರಿ. ಬಾಯಿ ಮಾತ್ರ ತಗೀಬ್ಯಾಡ್ರಿ. ಮರುದಿನ ಹೊಸಬರಾಗಿ ಅರ್ಜಿ ಹಾಕ್ರಿ.”

ಹಾಗೇ ಮಾಡಿದೆ. ಬಾಯಿಗೆ ಕರ್ಚೀಫು ಹಿಡಿದುಕೊಂಡೇ ಕೋಣೆಯಿಂದ ಹೊರಗೆ ಬಂದೆ. ಕೆಲಸಕ್ಕೆ ಜನವೇ ಇಲ್ಲದ ಕಂಪನಿ ಹತ್ತೇ ದಿನದಲ್ಲಿ, ಹೋಳಿಗೆ ಎರಡು ದಿನ ಮೊದಲು, ಹೊಸ ಪಗಾರದ ಮೇಲೆ ನನ್ನನ್ನು ಮತ್ತೆ ತೆಗೆದುಕೊಂಡಿತು. ಮ್ಯಾನೇಜರರು ಬಾಗಿಲಿಗೇ ಬಂದು “ನಮ್ಮ ಕಂಪನಿಗೆ ಸುಸ್ವಾಗತ” ಎಂದು ಹೂವು ಕೊಟ್ಟರು.

ಹೊಸಬರು ಮೊದಲ ದಿನ ಕಂಬ ಏರುವ ಮುನ್ನ ತರಬೇತಿ ಪಡೆಯಲೇಬೇಕು, ಅದು ರೂಲು. ಹಾಳೆ ಕೊಟ್ಟರು. ‘ತರಬೇತಿ ಪಡೆಯುವವರು’ ಎಂಬಲ್ಲಿ ನನ್ನ ಹೆಸರಿತ್ತು. ಸಹಿ ಮಾಡಿದೆ. ಕೆಳಗೆ ‘ತರಬೇತಿ ಕೊಡುವ ಅನುಭವಿ ಮೆಕ್ಯಾನಿಕ್’ ಎಂದಿತ್ತು. ಅಲ್ಲಿಯೂ ನನ್ನದೇ ಹೆಸರು. ಹಳೇ ಪಗಾರದವನು ಹೊಸ ಪಗಾರದವನಿಗೆ ಇಡೀ ದಿನ ಕಲಿಸಿ, ಸಂಜೆ ‘ಹುಡುಗ ಸುಮಾರಾಗಿದ್ದಾನೆ, ಇನ್ನೂ ಕಲಿಯಬೇಕು’ ಎಂದು ಬರೆದು ಸಹಿ ಹಾಕಿ ಬಂದೆ.