ಲಿವರ್ ಗೋದಾಮಿನ ಹಮಾಲರು

ಕಷ್ಟದ ವಿಷಯವನ್ನು ಸುಲಭ ಮಾಡಿ ಹೇಳುವುದು ನನ್ನ ಚಟ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ದವಾಖಾನೆ ಇಟ್ಟು ಇಷ್ಟು ವರ್ಷವಾಯಿತು, ಈ ಚಟದಿಂದ ರೋಗ ವಾಸಿಯಾದದ್ದನ್ನು ಕಂಡಿಲ್ಲ. ಎಡವಟ್ಟಾದದ್ದನ್ನು ಮಾತ್ರ ವಾರಕ್ಕೊಮ್ಮೆ ಕಾಣುತ್ತೇನೆ.

ಬಾಗಿಲು

ಕುರುಗೋಡಿನಲ್ಲಿ ತಪಾಸಣಾ ಶಿಬಿರ. ಅಜ್ಜಿಯೊಬ್ಬರ ರಕ್ತದಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಇತ್ತು.

"ಅಜ್ಜೀ, ಲಿವರಿನ ಕಣಕ್ಕ ಸಣ್ಣ ಸಣ್ಣ ಬಾಗಿಲು ಇರ್ತಾವ. ರಕ್ತದಾಗಿನ ಕೊಬ್ಬು ಅದರಾಗ ಹಾದು ಒಳಗ ಹೋಗಬೇಕು. ನಿಮಗ ಬಾಗಿಲು ಕಮ್ಮಿ ಬಿದ್ದಾವ" ಎಂದೆ.

ಅಜ್ಜಿ ಗಾಬರಿಯಾದರು. "ಇದ್ದವು ಯಾವ ದಿಕ್ಕಿಗೆ ಅದಾವ್ರಿ? ತೆಂಕಲಕ್ಕಿದ್ರ ಮೊದಲು ಮುಚ್ಚಿಸಿಬಿಡ್ರಿ!"

ಹಮಾಲರು

ಬಾಗಿಲಿನ ಸಹವಾಸ ಬಿಟ್ಟೆ. ಆಮೇಲೆ ದವಾಖಾನೆಗೆ ಬಂದವರು ಸಿರುಗುಪ್ಪದ ಅಕ್ಕಿ ಗಿರಣಿಯ ಸಾಹುಕಾರರು. ಅವರ ತಂದೆ, ದೊಡ್ಡಪ್ಪ ಇಬ್ಬರೂ ಐವತ್ತು ತುಂಬುವ ಮೊದಲೇ ಎದೆನೋವಿನಿಂದ ಹೋದವರು. ಇವರಿಗೆ ನಲವತ್ತೆಂಟು. ರಿಪೋರ್ಟು ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಸಾಹುಕಾರ್ರೇ, ಲಿವರ್ ಅಂದ್ರ ಗೋದಾಮು. ಕೊಲೆಸ್ಟ್ರಾಲು ಅಂದ್ರ ಚೀಲ. ಕೊಕ್ಕಿ ಹಿಡಿದು ನಿಂತ ಹಮಾಲ್ರು ಚೀಲ ಒಳಗ ಎಳಕೋಬೇಕು. ನಿಮ್ಮ ಮನೆತನದಾಗ ಹುಟ್ಟಿನಿಂದಲೇ ಹಮಾಲ್ರು ಕಮ್ಮಿ. ಚೀಲ ರಸ್ತೇದಾಗ ಉಳದು ದಾರಿ ಕಟ್ಟತಾವ. ಈ ಮಾತ್ರಿ ಹೊಸ ಹಮಾಲ್ರನ್ನ ಕರಕೊಂಡು ಬರ್ತೈತಿ. ದಿನಾ ತಗೋರಿ."

"ಹಿಂಗ ಹೇಳಿದ್ರ ತಿಳೀತೈತಿ ನೋಡ್ರಿ!" ಎಂದರು. ನಾನು ಉಬ್ಬಿಹೋದೆ.

ಮೂರು ತಿಂಗಳಾದರೂ ಕೊಲೆಸ್ಟ್ರಾಲ್ ಅಂದುಕೊಂಡಷ್ಟು ಇಳಿಯಲಿಲ್ಲ.

"ಮಾತ್ರಿ ತಗೊಂಡ್ರಿಲ್ಲೋ?"

"ಅಮಾಸಿ ಒಂದು ಬಿಟ್ಟು ದಿನಾ ತಗೊಂಡೀನ್ರಿ."

"ಅಮಾಸಿ ಯಾಕ ಬಿಟ್ರಿ?"

"ಅವತ್ತು ನಮ್ಮ ಗಿರಣ್ಯಾಗ ಹಮಾಲ್ರಿಗೆ ರಜಾ ಅಲ್ರೀ?"

ಪಕ್ಕದಲ್ಲಿದ್ದ ಅವರ ಹೆಂಡತಿಗೆ ತಡೆಯಲಾಗಲಿಲ್ಲ. "ಅಷ್ಟೇ ಅಲ್ರಿ. ಹಮಾಲ್ರು ಖಾಲಿ ಹೊಟ್ಟೀಲೆ ಚೀಲ ಎತ್ತಂಗಿಲ್ಲ ಅಂತ ಹೇಳಿ ಮಾತ್ರಿ ಹಿಂದ ದಿನಾ ಒಂದು ಪ್ಲೇಟ್ ಮಿರ್ಚಿ ಭಜಿ ಹೊಡೀತಾರ!"

ಅಮಾಸಿ

ಸಿಟ್ಟು ನೆತ್ತಿಗೇರಿತು. "ಈ ಹಮಾಲ್ರಿಗೆ ರಜಾನೂ ಇಲ್ಲ, ಮಿರ್ಚಿನೂ ಇಲ್ಲ. ನೀವು ಹಿಂಗ ತಿಂದಷ್ಟೂ ಚೀಲ ಜಾಸ್ತಿ ಆಗ್ತಾವ!" ಎಂದು ಕೂಗಾಡಿದೆ. ಅವತ್ತಿನಿಂದ ಅವರ ಹೆಂಡತಿಯೇ ಹಮಾಲರ ಮೇಸ್ತ್ರಿಯಾದರು. ಮುಂದಿನ ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಅರ್ಧಕ್ಕೆ ಇಳಿದಿತ್ತು. ಈ ಮನುಷ್ಯ ಐವತ್ತು ದಾಟುತ್ತಾನೆ ಎನಿಸಿ ನನಗೆ ಕಣ್ಣು ತುಂಬಿ ಬಂತು.

ಆಗಲೇ ಸಾಹುಕಾರರು ಕೇಳಿದರು: "ಡಾಕ್ಟ್ರೇ, ನಿಮ್ಮದು ಎಷ್ಟೈತ್ರಿ?"

ನಾನು ಒಮ್ಮೆಯೂ ನೋಡಿಸಿಕೊಂಡಿರಲಿಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. "ತೋರಸ್ರಿ, ನೋಡೇ ಹೋಗ್ತೀವಿ" ಎಂದು ಗಂಡ ಹೆಂಡತಿ ಇಬ್ಬರೂ ಕುರ್ಚಿ ಬಿಟ್ಟು ಏಳಲೇ ಇಲ್ಲ. ಪಕ್ಕದ ಲ್ಯಾಬಿನವರು ಬಂದು ರಕ್ತ ತೆಗೆದರು. ರಿಪೋರ್ಟು ಬಂದಾಗ ನೋಡಿದರೆ, ಸಾಹುಕಾರರ ಹಳೇ ಲೆಕ್ಕಕ್ಕಿಂತ ನನ್ನದೇ ಮೇಲೆ.

ಅವರು ಕನ್ನಡಕ ಏರಿಸಿ ರಿಪೋರ್ಟು ನೋಡಿದರು. ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದರು.

"ಇವತ್ತು ಅಮಾಸಿ ಅಲ್ಲಲ್ರೀ... ನಿಮ್ಮ ಹಮಾಲ್ರೆಲ್ಲ ಎಲ್ಲಿ ಹೋಗ್ಯಾರ?"

ನನ್ನ ಮೇಜಿನ ಮೇಲಿದ್ದ ಎಣ್ಣೆ ಹೀರಿದ ಕಾಗದದ ಪೊಟ್ಟಣವನ್ನೇ ನೋಡುತ್ತ ಅವರ ಹೆಂಡತಿ ಹೇಳಿದರು:

"ಮಿರ್ಚಿ ತಿನ್ನಾಕ ಹೋಗಿರಬೇಕು."